ಪಕ್ಕದ ಸೀಟಿಗೆ ಯಾರು

ಭವಾನಿಪುರಂ, ವಿಜಯವಾಡ
4 ಆಗಸ್ಟ್ 2025

ಚಿ. ತೃಪ್ತಿಗೆ ನಿನ್ನ ಇಂದಿರತ್ತೆಯ ಆಶೀರ್ವಾದಗಳು.

ಫೋನ್ ಇರುವಾಗ ಅತ್ತೆ ಕಾಗದ ಏಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಊಟದ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ನಮ್ಮ ಅತ್ತೆಯವರಿಗೂ ಕೇಳಬೇಕು, ನಿನ್ನ ಮಾವನಿಗೂ ಕೇಳಬೇಕು. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಿನ್ನ ಮಾವ ಅಚ್ಚಿನ ಕನ್ನಡವನ್ನು ತೆಲುಗಿನ ಹಾಗೆಯೇ ಕೂಡಿಸಿಕೊಂಡು ಓದಿಬಿಡುತ್ತಾರೆ. ನನ್ನ ಕೈಬರಹ ಮಾತ್ರ ಈ ಮನೆಯಲ್ಲಿ ಯಾರಿಗೂ ಬಗ್ಗುವುದಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದರಿಂದ ಒಂದು ಉಪಯೋಗವಾಯಿತು.

ವಿಷಯ ಇದು. ನವೆಂಬರಿನಲ್ಲಿ ಸಾಯಿಕಿರಣ್ ಅಪ್ಪ ಅಮ್ಮನನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಎಲ್ಲಿಗಮ್ಮಾ ಎಂದು ಕೇಳಿದ. ನಾನು ಸಿಂಗಪುರ ಎಂದೆ. ನಿಮ್ಮ ವಿಶಾಖಪಟ್ಟಣದಿಂದಲೇ ನೇರ ವಿಮಾನ ಇದೆ, ಮಾವನಿಗೆ ಹತ್ತಿ ಇಳಿಯುವ ಕಷ್ಟವಿಲ್ಲ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಅಲ್ಲಿರುವ ದೊಡ್ಡ ಆಟದ ಪಾರ್ಕು. ಕಂಪನಿಯ ಟ್ರೈನಿಂಗಿಗೆ ಹೋಗಿದ್ದಾಗ ನೀನು ಅದನ್ನು ನೋಡಿ ಬಂದಿದ್ದೀಯಲ್ಲ. ಅಲ್ಲಿ ಎಂಥವರು ಬರುತ್ತಾರೆ? ನನ್ನ ವಯಸ್ಸಿನವರು ಇರುತ್ತಾರಾ? ಏನು ಉಟ್ಟುಕೊಂಡಿರುತ್ತಾರೆ? ಸಾಲಿನಲ್ಲಿ ಹೇಗೆ ನಿಲ್ಲಬೇಕು?

ಇನ್ನೊಂದು. ಅಲ್ಲಿ ಜೋಡಿ ಜೋಡಿಯಾಗಿ ಕೂರಿಸುತ್ತಾರಂತೆ. ಯಾರ ಪಕ್ಕ ಯಾರು ಎಂದು ನಾನು ಆಗಲೇ ಯೋಚಿಸಿದ್ದೇನೆ. ನೀನು ಬರಲೇಬೇಕು. ಸಾಯಿಕಿರಣ್‌ಗೆ ನಿನ್ನ ಹೆಸರು ಹೇಳಿದೆ, ನಕ್ಕ, ಒಪ್ಪಿದ. ಮಾವನಿಗೆ ಈಗಲೇ ಏನೂ ಹೇಳಬೇಡ. ಎಲ್ಲವನ್ನೂ ಬಿಡಿಸಿ ಬರೆಯಲು ನಾಚಿಕೆ. ನೀನು ಜಾಣೆ, ಅರ್ಥ ಮಾಡಿಕೊಳ್ಳುತ್ತೀಯ.

ಇಂದಿರತ್ತೆ


ವಿಶಾಖಪಟ್ಟಣ
13 ಆಗಸ್ಟ್ 2025

ಪ್ರೀತಿಯ ಇಂದಿರತ್ತೆಗೆ ನಮಸ್ಕಾರಗಳು.

ನನ್ನ ಹೆಸರಿಗೆ ಕೈಬರಹದ ಕಾಗದ ಬಂದದ್ದು ಇದೇ ಮೊದಲು. ಪೋಸ್ಟ್‌ಮ್ಯಾನ್ ನನ್ನನ್ನು ಎರಡು ಸಲ ನೋಡಿ ಕೊಟ್ಟರು.

ಪಾರ್ಕಿನ ಬಗ್ಗೆ ಭಯ ಬೇಡ. ಪ್ರಪಂಚದ ಜನರೆಲ್ಲ ಅಲ್ಲಿರುತ್ತಾರೆ. ನೀವು ಆರಾಮವಾಗಿ ಸೀರೆಯನ್ನೇ ಉಡಿ, ಯಾರೂ ತಿರುಗಿ ನೋಡುವುದಿಲ್ಲ. ನೆರಳಿನಲ್ಲಿ ಬೆಂಚುಗಳಿವೆ. ಜೋರಾಗಿ ತಿರುಗುವ, ಬೀಳುವ ಆಟಗಳ ಹತ್ತಿರ ಹೋಗುವ ಅಗತ್ಯವೇ ಇಲ್ಲ. ಮಕ್ಕಳ ಕುದುರೆ ಸುತ್ತಾಟ ಇದೆ, ದೋಣಿ ಇದೆ, ಎ.ಸಿ. ಹಾಲಿನಲ್ಲಿ ಶೋ ಇದೆ. ಮಾವ ಸುತ್ತುವಾಗ ನೀವು ಬ್ಯಾಗ್ ಇಟ್ಟುಕೊಂಡು ಕೂರಬಹುದು.

ಕೆಲವು ವಿಷಯ ಮಾತ್ರ ನೆನಪಿಡಿ. ಒಬ್ಬರು ಸಾಲಿನಲ್ಲಿ ನಿಂತು ಆಮೇಲೆ ಮನೆಮಂದಿಯನ್ನೆಲ್ಲ ಸೇರಿಸಿಕೊಳ್ಳುವುದು ಅಲ್ಲಿ ನಡೆಯುವುದಿಲ್ಲ. ಬ್ಯಾಗ್ ಇಟ್ಟು ಜಾಗ ಹಿಡಿಯುವುದೂ ಇಲ್ಲ. ಬೇರೆಯವರ ಮಗು ಎಷ್ಟು ಮುದ್ದಾಗಿದ್ದರೂ ಕೆನ್ನೆ ಹಿಂಡಬೇಡಿ. ಕೆಲವು ದೇಶದವರು ಗಂಟೆಗಟ್ಟಲೆ ಮಾತೇ ಆಡದೆ ನಿಲ್ಲುತ್ತಾರೆ, ಅದು ಕೋಪವಲ್ಲ. ಕೆಲವರು ಪರಿಚಯವಿಲ್ಲದಿದ್ದರೂ ನಗುತ್ತಾರೆ, ಅದು ಸ್ನೇಹವೂ ಅಲ್ಲ.

ನಾನು ಬರುವ ವಿಷಯ ನೋಡೋಣ ಅತ್ತೆ. ನನ್ನನ್ನು ಕೇಳದೆ ಸಾಯಿಕಿರಣ್ ಹತ್ತಿರ ಮಾತಾಡಿದ್ದು ಯಾಕೋ ಗೊತ್ತಾಗಲಿಲ್ಲ.

ತೃಪ್ತಿ


ಭವಾನಿಪುರಂ, ವಿಜಯವಾಡ
21 ಆಗಸ್ಟ್ 2025

ಚಿ. ತೃಪ್ತಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ತಲೆ ಗಿರ್ರೆಂದಿತು. ನಾನು ಕೇಳಿದ್ದೇ ಒಂದು, ನೀನು ಬರೆದದ್ದೇ ಒಂದು. ಬೆಂಚಿನ ವಿಷಯ ಯಾರು ಕೇಳಿದರು? ವಿಜಯವಾಡದಲ್ಲಿ ಬೆಂಚುಗಳಿಲ್ಲವೇ?

ಇರಲಿ. ತಯಾರಿ ಮಾಡಿಕೊಳ್ಳುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗಿ ಹೃದಯ, ಬಿ.ಪಿ. ಎಲ್ಲ ತೋರಿಸಿ ಬಂದೆ. ಏನೂ ತೊಂದರೆ ಇಲ್ಲ, ಧೈರ್ಯವಾಗಿ ಮುಂದುವರಿಯಿರಿ ಎಂದರು. ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ಅದೂ ಬೇಕಲ್ಲ.

ಸಾಯಿಕಿರಣ್ ನೀನು ಹುಟ್ಟಿದ ದಿನ, ತಿಂಗಳು, ವರ್ಷ ಕೇಳುತ್ತಿದ್ದಾನೆ. ಬೇಗ ಕಳಿಸು. ಹಾಗೆಯೇ ನಿನ್ನ ಚೂಡಿದಾರದ ಅಳತೆಯನ್ನೂ ಕಳಿಸು. ಮಂಗಳಗಿರಿಗೆ ಹೋಗಿ ಒಳ್ಳೆಯ ಬಟ್ಟೆ ತಂದಿಟ್ಟಿದ್ದೇನೆ, ಅಂಚಿನಲ್ಲಿ ಸಣ್ಣ ಜರಿ. ಇಲ್ಲಿಯ ಟೈಲರಿಗೆ ಯಾಕೆ, ಯಾರಿಗೆ ಎಂದು ಹೇಳುತ್ತಾ ಕೂರಲಾರೆ. ಬೀದಿಗೆಲ್ಲ ಸುದ್ದಿಯಾಗುತ್ತದೆ.

ನೀನು ಪಕ್ಕದಲ್ಲಿ ಕೂತರೆ ಎಲ್ಲ ಕೂಡಿಬರುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ.

ಇಂದಿರತ್ತೆ


ವಿಶಾಖಪಟ್ಟಣ
9 ಸೆಪ್ಟೆಂಬರ್ 2025

ಇಂದಿರತ್ತೆಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ದಾವಣಗೆರೆಗೆ ಫೋನ್ ಮಾಡಿ, ಇಂದಿರತ್ತೆ ನಿಮ್ಮ ಹತ್ತಿರ ಏನಾದರೂ ಪ್ರಸ್ತಾಪ ಮಾಡಿದ್ದಾರಾ ಎಂದು ಅಪ್ಪನನ್ನು ಕೇಳಿದೆ. ಅಪ್ಪನಿಗೆ ಏನೂ ಗೊತ್ತಿಲ್ಲ. ನಿಮ್ಮ ಅಣ್ಣನಿಗೂ ಹೇಳದೆ ಇಷ್ಟು ದೂರ ಹೋಗಿದ್ದೀರಿ ಎಂದರೆ ನನಗೆ ಇನ್ನೂ ಗೊಂದಲವಾಯಿತು. ಹುಟ್ಟಿದ ದಿನಾಂಕ, ಬಟ್ಟೆ, ಅಳತೆ. ಇದೆಲ್ಲ ನನ್ನನ್ನು ಒಂದು ಮಾತು ಕೇಳಿದ ಮೇಲೆ ಆಗಬೇಕಿತ್ತು ಅತ್ತೆ. ಇಬ್ಬರು ಪಕ್ಕಪಕ್ಕ ಕೂತ ಮಾತ್ರಕ್ಕೆ ಎಲ್ಲ ಕೂಡಿಬರುವುದಿಲ್ಲ. ಇಂಥದ್ದಕ್ಕೆಲ್ಲ ಒಂದು ವಯಸ್ಸು, ಒಂದು ಮನಸ್ಸು ಬೇಕು.

ನವೆಂಬರಿನಲ್ಲಿ ನಮ್ಮ ಫ್ಯಾಕ್ಟರಿಯಲ್ಲಿ ಆಡಿಟ್ ಇದೆ. ರಜೆ ಸಿಗುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ತೃಪ್ತಿ


ಭವಾನಿಪುರಂ, ವಿಜಯವಾಡ
16 ಸೆಪ್ಟೆಂಬರ್ 2025

ತೃಪ್ತಿಗೆ,

ಆಯಿತಮ್ಮಾ. ಇಂಥದ್ದಕ್ಕೆ ಒಂದು ವಯಸ್ಸು ಬೇಕು ಎಂದು ಬರೆದೆಯಲ್ಲ, ಅರ್ಥವಾಯಿತು. ಅರವತ್ತು ದಾಟಿದವಳಿಗೆ ಇದೇನು ಆಸೆ ಎಂದು ಬೇರೆ ಯಾರಾದರೂ ಅನ್ನಲಿ, ನೀನು ಅನ್ನುವುದಿಲ್ಲ ಎಂದುಕೊಂಡಿದ್ದೆ. ನನ್ನ ಜೊತೆ ಕಾಣಿಸಿಕೊಳ್ಳಲು ನಿನಗೆ ನಾಚಿಕೆಯಾದರೆ ತಪ್ಪು ನಿನ್ನದಲ್ಲ.

ಅಣ್ಣನಿಗೆ ಈ ವಿಷಯ ತಿಳಿಸಿದ್ದು ಮಾತ್ರ ಸರಿಯಾಗಲಿಲ್ಲ. ಅವನು ಫೋನ್ ಮಾಡಿ, ಸ್ಪೀಕರಿನಲ್ಲೇ, ಏನಮ್ಮಾ ಇಂದಿರಾ ಏನು ನಡೆಸಿದ್ದೀಯ ಎಂದು ಕೇಳಿದ. ಮಜ್ಜಿಗೆಹುಳಿ ಎಂದೆ.

ಇಂದಿರಾ


ವಿಶಾಖಪಟ್ಟಣ
3 ನವೆಂಬರ್ 2025

ಇಂದಿರತ್ತೆಗೆ,

ನಿಮ್ಮ ಕಾಗದ ಬಂದ ದಿನದಿಂದ ಅದನ್ನು ಎಷ್ಟು ಸಲ ಓದಿದೆನೋ. ನಿಮ್ಮ ಆಸೆ ಎಂದು ಬರೆದಿದ್ದೀರಿ. ಯಾವ ಆಸೆ? ಅರವತ್ತು ದಾಟಿದವಳು ಎಂದರೆ ನೀವೇ ತಾನೇ? ನಾನು ನಿಮ್ಮ ಬಗ್ಗೆ ಏನೂ ಅನ್ನಲಿಲ್ಲವಲ್ಲ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀವು ಊಟ ಆಯ್ತಾ ಎಂದು ಕೇಳಿ ಫೋನನ್ನು ಮಾವನಿಗೆ ಕೊಟ್ಟಿರಿ.

ನೀವೆಲ್ಲ ಮೊನ್ನೆಯೇ ಇಲ್ಲಿಗೆ ಬಂದು, ಸಿಂಹಾಚಲಂನಲ್ಲಿ ದರ್ಶನ ಮುಗಿಸಿಕೊಂಡು ವಿಮಾನ ಹತ್ತಿದಿರಿ ಎಂದು ಸಾಯಿಕಿರಣ್ ಇವತ್ತು ಮೆಸೇಜ್ ಮಾಡಿದ. ಒಂದು ಮಾತು ಹೇಳಲಿಲ್ಲ. ಈ ಕಾಗದ ನಿಮಗೆ ಊರಿಗೆ ಬಂದ ಮೇಲೆಯೇ ಸಿಗುತ್ತದೆ. ಗೊತ್ತಿದ್ದೂ ಹಾಕುತ್ತಿದ್ದೇನೆ.

ತೃಪ್ತಿ


ಸಿಂಗಪುರ
5 ನವೆಂಬರ್ 2025

ತೃಪ್ತಿ,

ನಿನಗೆ ಬರೆಯಬಾರದೆಂದಿದ್ದೆ. ಆದರೆ ಇದನ್ನು ತೆಲುಗಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಕನ್ನಡದಲ್ಲಿ ಹೇಳಲು ನೀನೊಬ್ಬಳೇ ಇರುವುದು. ನಿನ್ನ ಮಾವ ಹೋಟೆಲಿನ ಕೆಳಗೆ ಸಾಯಿಕಿರಣ್ ಜೊತೆ ಕೂತಿದ್ದಾರೆ. ನಿನ್ನೆಯಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತು.

ಆ ಆಸೆ ಹುಟ್ಟಿದ್ದು ಫೋನಿನ ಒಂದು ವೀಡಿಯೋದಿಂದ. ಎತ್ತರದ ಕಂಬಿಯ ಮೇಲಿಂದ ರೈಲಿನಂಥ ಬಂಡಿ ಧೊಪ್ಪೆಂದು ಕೆಳಗೆ ಬೀಳುತ್ತದೆ, ಕೂತವರೆಲ್ಲ ಕೈ ಎತ್ತಿ ಬಾಯಿಬಿಟ್ಟು ಕೂಗುತ್ತಾರೆ. ನಿನ್ನ ಮಾವ ಕಾಲೇಜಿನಲ್ಲಿ ಇಷ್ಟು ವರ್ಷ ಭೌತಶಾಸ್ತ್ರ ಕಲಿಸಿದವರು. ಅದನ್ನು ನೋಡಿ, ಇದರಲ್ಲಿ ಹೆದರುವಂಥದ್ದೇನೂ ಇಲ್ಲ, ಬರೀ ಲೆಕ್ಕ ಎಂದರು. ನನಗೆ ಲೆಕ್ಕ ಬೇಕಿರಲಿಲ್ಲ. ಅದರಲ್ಲಿ ಒಮ್ಮೆ ಕೂರಬೇಕಿತ್ತು, ಅಷ್ಟೇ.

ನಿನ್ನೆ ಪಾರ್ಕಿಗೆ ಹೋದ ಮೇಲೆ ನಿನ್ನ ಮಾತಿನಂತೆಯೇ ಆಯಿತು. ಅಪ್ಪ ಮಗ ಇಬ್ಬರೂ ಶೋಗೆ ಹೊರಟರು. ನನಗೆ ಕತ್ತಲು, ದೊಡ್ಡ ಶಬ್ದ ಆಗುವುದಿಲ್ಲ ಎಂದು ಅವರೇ ತೀರ್ಮಾನಿಸಿ, ಬ್ಯಾಗುಗಳ ಜೊತೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಎದುರಿಗೇ ಆ ಬಂಡಿಯ ಸಾಲು. ಬುರ್ಖಾದ ಕೆಳಗೆ ಓಟದ ಬೂಟು ಹಾಕಿದ ಹೆಂಗಸರು. ನಮ್ಮ ಅತ್ತೆಯವರಿಗಿಂತ ಸ್ವಲ್ಪ ಚಿಕ್ಕವರಿರಬಹುದು, ತೋಳಿನ ಮೇಲೆಲ್ಲ ಹಚ್ಚೆ, ಚಡ್ಡಿ ಹಾಕಿದ ಬಿಳಿಯ ಅಜ್ಜಿ. ಯಾರೂ ಯಾರನ್ನೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ನಮ್ಮಲ್ಲಿ ಇಷ್ಟು ಹೊತ್ತಿಗೆ ಎಷ್ಟು ಮಕ್ಕಳು ಎಂಬಲ್ಲಿಗೆ ಬಂದಿರುತ್ತಿತ್ತು.

ಬ್ಯಾಗಿನಲ್ಲಿ ವಿಜಯವಾಡದ ಬೀಸೆಂಟ್ ರೋಡಿನಲ್ಲಿ ಕೊಂಡ ರೆಡಿಮೇಡ್ ಚೂಡಿದಾರ ಇತ್ತು. ಯಾರಿಗಮ್ಮಾ ಎಂದು ಅಂಗಡಿಯವನು ಕೇಳಿದಾಗ ಅಣ್ಣನ ಮಗಳಿಗೆ ಎಂದಿದ್ದೆ. ಶೌಚಾಲಯಕ್ಕೆ ಹೋಗಿ ಸೀರೆ ಬಿಚ್ಚಿ ಅದನ್ನು ಹಾಕಿಕೊಂಡೆ. ಕನ್ನಡಿ ನೋಡಲಿಲ್ಲ.

ಬಂಡಿಯ ಸಾಲಿನ ಬಾಗಿಲಲ್ಲಿ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ನನ್ನನ್ನು ನೋಡಿ ಬೆರಳೆತ್ತಿ, "ಸಿಂಗಲ್?" ಎಂದಳು.

ಇದೇನು ಈ ಹುಡುಗಿ ಮೊದಲ ಮಾತಿಗೇ ಹೀಗೆ ಕೇಳುತ್ತಾಳೆ ಎಂದು, "ನೋ, ನೋ, ಹಸ್ಬೆಂಡ್ ದೇರ್" ಎಂದು ಶೋ ಕಡೆ ತೋರಿಸಿದೆ. ಅವಳು ಮತ್ತೆ, "ಯೂ, ಸಿಂಗಲ್?" ಎಂದಳು. ನಂಬಲಿಲ್ಲವೇನೋ ಎಂದು ತಾಳಿಯನ್ನು ಹೊರಗೆ ತೆಗೆದು ತೋರಿಸಿದೆ. ಅವಳು ಅದನ್ನು ನೋಡಿ ನಕ್ಕು, ಅದನ್ನು ತೆಗೆದು ಲಾಕರಿನಲ್ಲಿ ಇಡಿ ಎಂದು ಕೈಸನ್ನೆ ಮಾಡಿದಳು. ತೃಪ್ತಿ, ಮೊದಲು ಮದುವೆಯಾಗಿಲ್ಲವೇ ಎಂದು ಕೇಳುವುದು, ಆಗಿದೆ ಎಂದರೆ ತಾಳಿ ತೆಗಿ ಅನ್ನುವುದು! ಇದು ಯಾವ ದೇಶದ ನ್ಯಾಯ ಎಂದು ನನ್ನ ತಲೆ ಪೂರ್ತಿ ಕೆಟ್ಟುಹೋಯಿತು.

ಹಿಂದಿದ್ದ ಹೆಂಗಸು ನನ್ನ ತೋಳು ಮುಟ್ಟಿದಳು. ನನ್ನಷ್ಟೇ ವಯಸ್ಸು, ತಲೆಗೆ ಬಟ್ಟೆ ಕಟ್ಟಿ ಪಿನ್ ಹಾಕಿಕೊಂಡಿದ್ದಳು. ತನ್ನ ಬಳೆ, ಸರ, ಕನ್ನಡಕ ಎಲ್ಲ ಲಾಕರಿಗೆ ಹಾಕಿ, ಸರ ಗಾಳಿಗೆ ಹಾರಿಹೋಗುವ ಹಾಗೆ ಅಭಿನಯಿಸಿ ತೋರಿಸಿದಳು. ಆಗ ತಿಳಿಯಿತು. ಎದೆ ಮುಟ್ಟಿಕೊಂಡು "ಇಬು" ಎಂದಳು. ನಾನು "ಇಂದಿರಾ" ಎಂದೆ.

ವಾಪಸ್ ಹೋಗಬಹುದಿತ್ತು. ಬೆಂಚು ಅಲ್ಲೇ ಇತ್ತು. ಆದರೆ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಬ್ಯಾಗುಗಳನ್ನೂ ಸೀರೆಯನ್ನೂ ಲಾಕರಿಗೆ ತುಂಬಿ, ತಾಳಿಯನ್ನು ಕರವಸ್ತ್ರದಲ್ಲಿ ಸುತ್ತಿ ಮೇಲಿಟ್ಟು, ಬೆರಳೊತ್ತಿ ಮುಚ್ಚಿದೆ. ಹೆರಿಗೆಯಲ್ಲೂ ತೆಗೆಯದ್ದು. ಏನನ್ನಿಸಿತು ಎಂದು ಕೇಳಬೇಡ. ಕತ್ತಿಗೆ ಚಳಿಯಾಯಿತು, ಅಷ್ಟು ಗೊತ್ತು.

ಇಬು ಪಕ್ಕದಲ್ಲೇ ಕೂತಳು. ಬಂಡಿ ಮೇಲೆ ಹತ್ತುವಾಗ ಕಟಕಟ ಎಂದು ಶಬ್ದ. ತುದಿಯಲ್ಲಿ ಸಮುದ್ರ ಕಂಡಿತು, ಹಡಗುಗಳು ನಿಂತಿದ್ದವು. ಆಮೇಲೆ ನೆಲವೇ ಹೋಯಿತು. ಯಾರೋ "ಅವ್ವಾ" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಇಲ್ಲಿ ಯಾರಪ್ಪಾ ನಮ್ಮೂರಿನವರು ಎಂದುಕೊಂಡೆ. ನಾನೇ.

ಇಳಿದ ಮೇಲೆ ಇಬು ಅಳುತ್ತಿದ್ದಳು, ನಾನು ನಗುತ್ತಿದ್ದೆ, ಅಥವಾ ಅದಲು ಬದಲು. ಅವಳ ಮನೆಯವರು ಬಂದು ಕರೆದುಕೊಂಡು ಹೋದರು. ಇಬು ಎಂದರೆ ಅವರ ಭಾಷೆಯಲ್ಲಿ ತಾಯಿ ಎಂದಷ್ಟೇ, ಹೆಸರಲ್ಲ ಎಂದು ಆಮೇಲೆ ಸಾಯಿಕಿರಣ್ ಹೇಳಿದ. ಅವಳ ಹೆಸರು ನನಗೆ ಗೊತ್ತಾಗಲೇ ಇಲ್ಲ.

ಇನ್ನು ಲಾಕರ್. ಬೆರಳು ಒತ್ತಿದೆ, ಕೆಂಪು ದೀಪ. ಬೇರೆಯದಕ್ಕೆ ಒತ್ತಿದೆ, ಕೆಂಪು. ಎಲ್ಲ ಲಾಕರುಗಳೂ ಒಂದೇ ಥರ. ಕೈಯೆಲ್ಲ ಬೆವರು. ಅಲ್ಲೇ ನಿನ್ನ ಮಾವ ಓಡಿ ಬಂದರು. ಬೆಂಚು ಖಾಲಿ ಕಂಡು ಅಲ್ಲಿಯವರಿಗೆ ದೂರು ಕೊಟ್ಟಿದ್ದರಂತೆ, ಹಸಿರು ಸೀರೆಯ ಹೆಂಗಸು ಎಂದು. ಅವರೆಲ್ಲ ಹಸಿರು ಸೀರೆ ಹುಡುಕುತ್ತಾ ನನ್ನ ಪಕ್ಕದಲ್ಲೇ ಓಡಾಡಿದ್ದಾರೆ. ಇವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಕತ್ತಿನಲ್ಲಿ ಕಣ್ಣು ನಿಂತಿತು.

"ಮೆಡಲೋ ಏವೀ?" ಎಂದರು. ಕತ್ತಿನಲ್ಲಿ ಇರಬೇಕಾದದ್ದು ಎಲ್ಲಿ, ಎಂದು. ಮುಖ ಬಿಳುಚಿಕೊಂಡಿತ್ತು.

ಲಾಕರ್ ತೋರಿಸಿದೆ. ಆ ಹುಡುಗಿಯೇ ಬಂದು ತೆಗೆದುಕೊಟ್ಟಳು. ಇವರು ಕರವಸ್ತ್ರ ಬಿಚ್ಚಿ ತಾಳಿಯನ್ನು ಕೈಯಲ್ಲಿ ಹಿಡಿದು ನಿಂತರು. ತಾವೇ ಹಾಕಬೇಕೋ, ನನ್ನ ಕೈಗೆ ಕೊಡಬೇಕೋ, ಅವರಿಗೆ ತಿಳಿಯಲಿಲ್ಲ. ಸುತ್ತ ಇದ್ದ ಹುಡುಗ ಹುಡುಗಿಯರ ಗುಂಪೊಂದು, ಯಾವ ದೇಶದವರೋ, ಮುದುಕ ಮುದುಕಿಯನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಿದ್ದಾನೆ ಎಂದುಕೊಂಡು ಚಪ್ಪಾಳೆ ಹೊಡೆಯಲು ಶುರುಮಾಡಿತು. ಒಬ್ಬಳು ಕಣ್ಣೊರೆಸಿಕೊಂಡು ಫೋಟೋ ತೆಗೆದಳು. ಇವರ ಕಿವಿ ಕೆಂಪಾಯಿತು. "ನುವ್ವೇ ವೇಸ್ಕೋ" ಎಂದು ನನ್ನ ಕೈಗೆ ತುರುಕಿ ಹೊರಟರು. ನಾನೇ ಹಾಕಿಕೊಂಡೆ. ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ಅವರದು ಕೋಪವೋ, ಅವಮಾನವೋ, ನನ್ನನ್ನು ಕಳೆದುಕೊಂಡೆ ಎಂಬ ಭಯವೋ, ನನಗೆ ತಿಳಿಯುತ್ತಿಲ್ಲ. ಮೂವತ್ತನಾಲ್ಕು ವರ್ಷ ಜೊತೆಗಿದ್ದ ಮನುಷ್ಯ. ತಿಳಿಯಬೇಕಿತ್ತಲ್ಲವೇ?

ಇಂದಿರಾ


ವಿಶಾಖಪಟ್ಟಣ
20 ನವೆಂಬರ್ 2025

ನನ್ನ ಇಂದಿರತ್ತೆಗೆ,

ನಿಮ್ಮ ಕಾಗದವನ್ನು ಆಫೀಸಿನ ಕ್ಯಾಂಟೀನಿನಲ್ಲಿ ಓದಿದೆ. ನಕ್ಕು, ಅತ್ತು, ಪಕ್ಕದವರು ನೀರು ತಂದುಕೊಡುವ ಹಾಗಾಯಿತು.

ಅತ್ತೆ, ಮೊದಲು ಇದನ್ನು ಹೇಳಿಬಿಡುತ್ತೇನೆ. ನೀವು ನನ್ನನ್ನು ಸಾಯಿಕಿರಣ್‌ಗೆ ತಂದುಕೊಳ್ಳಲು ಹೊರಟಿದ್ದೀರಿ ಎಂದುಕೊಂಡಿದ್ದೆ! ಚಿಕ್ಕಂದಿನಲ್ಲಿ ನಿಮ್ಮ ಮನೆಗೆ ಬಂದಾಗಲೆಲ್ಲ ಅವನನ್ನು ತೋರಿಸಿ "ಬಾವಾ ಅನು, ಬಾವಾ ಅನು" ಎಂದು ಎಲ್ಲರೂ ನನ್ನನ್ನು ಕಾಡುತ್ತಿದ್ದಿರಲ್ಲ. ಜೋಡಿಯಾಗಿ ಕೂರಿಸುತ್ತಾರೆ ಎಂದಿರಿ, ಹುಟ್ಟಿದ ದಿನ ಕೇಳಿದಿರಿ, ಜಾತಕಕ್ಕೆ ಎಂದುಕೊಂಡೆ. ಅಳತೆ ಕೇಳಿದಿರಿ, ಮದುವೆ ಬಟ್ಟೆಗೆ ಎಂದುಕೊಂಡೆ. ವಯಸ್ಸು, ಮನಸ್ಸು ಎಂದು ಬರೆದದ್ದು ನನ್ನ ಬಗ್ಗೆ. ನಿಮ್ಮ ಬಗ್ಗೆ ಅಲ್ಲವೇ ಅಲ್ಲ. ಆಡಿಟ್ಟೂ ಇರಲಿಲ್ಲ.

ನಿಮ್ಮ ಪಕ್ಕದಲ್ಲಿ ನಾನು ಕೂರಬೇಕಿತ್ತು. ಹೆಸರು ಗೊತ್ತಿಲ್ಲದ ಒಬ್ಬರು ಕೂತರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚು.

ಆ ಹುಡುಗಿ ಕೇಳಿದ್ದು ಒಬ್ಬರೇ ಬಂದಿದ್ದೀರಾ ಎಂದು. ಒಂಟಿಯಾಗಿ ಬಂದವರನ್ನು ಖಾಲಿ ಸೀಟಿಗೆ ಬೇಗ ಕಳಿಸುತ್ತಾರೆ. ಮದುವೆಯ ವಿಷಯ ಅಲ್ಲ. ಮಾವ ಈಗ ಹೇಗಿದ್ದಾರೆ? ನಾನು ಬಂದು ಮಾತಾಡಲೇ?

ತೃಪ್ತಿ


ಭವಾನಿಪುರಂ, ವಿಜಯವಾಡ
2 ಡಿಸೆಂಬರ್ 2025

ಚಿ. ತೃಪ್ತಿಗೆ ಆಶೀರ್ವಾದಗಳು.

ಹುಚ್ಚು ಹುಡುಗಿ. ಹುಟ್ಟಿದ ದಿನ ಕೇಳಿದ್ದು ವಿಮಾನದ ಟಿಕೆಟಿಗೆ. ಅಳತೆ ಕೇಳಿದ್ದು ನನಗೆ. ನೀನೂ ನಾನೂ ಒಂದೇ ಮೈಕಟ್ಟು ಎಂದು ಅಣ್ಣ ಯಾವಾಗಲೂ ಹೇಳುತ್ತಾನೆ. ನೀನು ಕಳಿಸಲಿಲ್ಲ, ಮಂಗಳಗಿರಿಯ ಬಟ್ಟೆ ಹಾಗೆಯೇ ಬಿದ್ದಿದೆ. ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದರೆ ನಮ್ಮ ಅತ್ತೆಯವರು, ಅನ್ನಪೂರ್ಣಮ್ಮನವರು, ಏನಾಯಿತು ಎಂದು ಕೂಗಿದರು. ಸಾಯಿಕಿರಣ್‌ಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಪ್ರತ್ಯೂಷಾ ಎಂಬ ಹುಡುಗಿಯ ಹೆಸರು ಹೇಳಿದ. ನಿನ್ನ ತಪ್ಪು ತಿಳಿವಳಿಕೆಯಿಂದ ಅವನಿಗೆ ಬಾಯಿ ಬಂತು.

ನೀನು ಬಂದು ಮಾತಾಡುವುದು ಬೇಡ. ನಿನ್ನ ಮಾವನ ವಿಷಯ ನಾನೇ ಹೇಳುತ್ತೇನೆ.

ಊರಿಗೆ ಬಂದ ಮೇಲೂ ಅವರು ಹಾಗೆಯೇ ಇದ್ದರು. ಪೇಪರ್, ಊಟ, ಔಷಧಿ, ಎಲ್ಲ ಸರಿಯಾಗಿಯೇ. ಆ ದಿನದ ಮಾತು ಮಾತ್ರ ಇಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಏನಕ್ಕೆ ಕೇಳಬೇಕು ಎಂದು ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಭಾನುವಾರ ಅವರ ಕಾಲೇಜಿನ ಸ್ನೇಹಿತರು ನಾಲ್ಕೈದು ಜನ ಮನೆಗೆ ಬಂದಿದ್ದರು. ಸಿಂಗಪುರ ಹೇಗಿತ್ತು ಎಂದರು. ಇವರು ರಸ್ತೆ, ರೈಲು, ಸ್ವಚ್ಛತೆ ಎಲ್ಲ ವರ್ಣಿಸಿದರು. ಒಬ್ಬರು ನಗುತ್ತಾ, ಮೇಷ್ಟ್ರೇ, ಇಷ್ಟು ವರ್ಷ ಬೋರ್ಡಿನ ಮೇಲೆ ಬೀಳುವ ಬಂಡಿಯ ಲೆಕ್ಕ ಬರೆದಿರಲ್ಲ, ಆ ಬಂಡಿಯಲ್ಲಿ ಕೂತಿರಾ ಎಂದು ಕೇಳಿದರು.

ನಾನು ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಅತ್ತೆಯವರು ದಿವಾನದ ಮೇಲಿದ್ದರು.

"ಆವಿಡೇ ಎಕ್ಕಿಂದಿ. ನೇನು ಕಿಂದ ನಿಲಬಡ್ಡಾನು" ಎಂದರು ಇವರು. ಹತ್ತಿದ್ದು ಅವಳು, ನಾನು ಕೆಳಗೆ ನಿಂತಿದ್ದೆ ಎಂದು. ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದು ಹೊಗಳಿಕೆಯೋ ದೂರೋ ತಿಳಿಯದೆ, ತಟ್ಟೆ ಇಟ್ಟು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ನಿನ್ನ ಮಾವ ಹಿಂದೆಯೇ ಬಂದರು. ಫ್ರಿಜ್ಜಿನಿಂದ ಹಾಲಿನ ಪಾತ್ರೆ ತೆಗೆದು ಕೈಯಲ್ಲೇ ಹಿಡಿದುಕೊಂಡು ನಿಂತರು. ಆಮೇಲೆ ಕೇಳಿದರು, ಮೇಲೆ ತುದಿಗೆ ಹೋಗಿ, ಬೀಳುವ ಮೊದಲು ಒಂದು ಕ್ಷಣ ನಿಲ್ಲುತ್ತದಲ್ಲ, ಅಲ್ಲಿ ನಿನಗೆ ಯಾರು ನೆನಪಾದರು?

ನಿಮ್ಮದೇ ನೆನಪಾಯಿತು ಎಂದುಬಿಡಬಹುದಿತ್ತು. ಅವರಿಗೂ ಅದೇ ಬೇಕಿತ್ತೇನೋ. ಬಾಯಿಯವರೆಗೆ ಬಂದದ್ದು ನಿಂತಿತು.

"ಎವರೂ ಗುರ್ತುಕು ರಾಲೇದಂಡಿ" ಎಂದೆ. ಯಾರೂ ನೆನಪಾಗಲಿಲ್ಲ ಎಂದು.

ಸ್ಟವ್ ಮೇಲೆ ನೀರು ಕುದಿಯುತ್ತಿತ್ತು. ಅವರು ಒಂದು ಕೈಯಿಂದ ಉರಿ ಸಣ್ಣ ಮಾಡಿದರು. ನನಗೆ ಭಯವಾಯಿತು.

"ಅದೃಷ್ಟವಂತುರಾಲಿವಿ", ನೀನು ಅದೃಷ್ಟವಂತೆ, ಎಂದು ಹೇಳಿ, ಹಾಲಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು.

ನಿನ್ನ
ಇಂದಿರತ್ತೆ